ಕೈ ಬಿಟ್ಟರೂ ವಾಲದ ಗಿಟಾರ್

ಈ ಶಾಟ್ ಸರಿಯಾಗಿ ನೋಡಿ. ಗಿಟಾರ್‌ನ ಹೆಗಲಿಗೆ ಹಾಕ್ಕೊಂಡು ಎರಡೂ ಕೈ ಬಿಡ್ತೀನಿ. ಇದು ನನ್ನ ಹಳೇ ಗಿಟಾರ್. ಇದರ ನೆಕ್, ಅಂದ್ರೆ ಎಡಗೈ ಹಿಡಿಯೋ ಉದ್ದ ಭಾಗ, ಮೆಲ್ಲಗೆ ನೆಲದ ಕಡೆ ವಾಲ್ತಾ ಇದೆ, ಕಾಣಿಸ್ತಾ? ಇಷ್ಟು ವರ್ಷ ಇದನ್ನ ಎತ್ತಿ ಹಿಡಿದಿದ್ದು ನನ್ನ ಎಡಗೈ. ಫ್ರೆಟ್ ಮೇಲೆ ಓಡಾಡಬೇಕಾದ ಕೈಗೆ ಹೊರೆ ಹೊರೋ ಕೆಲಸ. ಎರಡು ಗಂಟೆ ಪ್ರಾಕ್ಟೀಸ್ ಮಾಡಿದ್ರೆ ಮಣಿಕಟ್ಟು ಹಿಡ್ಕೊಳ್ತಿತ್ತು, ಹೆಗಲು ಸೆಳೀತಿತ್ತು.

ಈಗ ಇದು, ನನ್ನ ಹೊಸ ಗಿಟಾರ್. ಕೈ ಬಿಟ್ಟೆ. ಇದ್ದಲ್ಲೇ ಇದೆ.

ಇದಕ್ಕೆ ಹೆಡ್‌ಸ್ಟಾಕೇ ಇಲ್ಲ, ಅಂದ್ರೆ ಟ್ಯೂನಿಂಗ್ ತಿರುಪುಗಳು ಕೂರೋ ತಲೆಭಾಗವೇ ಇಲ್ಲ. ನೆಕ್ ತುದಿಯಲ್ಲಿ ಇರೋ ಆ ತೂಕ ಹೋಯ್ತು, ಟ್ಯೂನಿಂಗ್ ಮಾಡೋ ತಿರುಪುಗಳು ಬಾಡಿ ಮೇಲೆ ತಂತಿಗಳು ಕೂರೋ ಬ್ರಿಡ್ಜ್ ಕಡೆಗೆ ಬಂದ್ವು. ಈ ವಿನ್ಯಾಸಕ್ಕೆ ಹೆಸರು ತಂದುಕೊಟ್ಟವರು ನೆಡ್ ಸ್ಟೈನ್‌ಬರ್ಗರ್, 1980ರ ಸುಮಾರಿಗೆ, ಮೊದಲು ಬೇಸ್ ಗಿಟಾರ್‌ನಲ್ಲಿ. ಅವರು ಪೀಠೋಪಕರಣ ವಿನ್ಯಾಸದಿಂದ ಬಂದವರು. ಕುರ್ಚಿ ಮಾಡೋರಿಗೆ ಮೈ ಎಲ್ಲಿ ಒತ್ತುತ್ತೆ ಅನ್ನೋದು ಮೊದಲು ಹೊಳೆಯುತ್ತೆ, ನನಗಂತೂ ಹಾಗನ್ನಿಸುತ್ತೆ.

ಮೈಗೆ ಹೊಂದೋ ಹಾಗೆ ಮರ ಕೆತ್ತೋದು ಇನ್ನೂ ಹಳೇ ವಿಷಯ. ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರ್‌ನ ಬಾಡಿ ಹಲಗೆ ಥರ ಚಪ್ಪಟೆ, ಅಂಚು ಪಕ್ಕೆಲುಬಿಗೆ ಚುಚ್ಚುತ್ತೆ. 1954ರಲ್ಲಿ ಬಂದ ಅದೇ ಕಂಪನಿಯ ಸ್ಟ್ರಾಟೋಕಾಸ್ಟರ್‌ನಲ್ಲಿ ಹೊಟ್ಟೆ ತಾಗೋ ಕಡೆ ಮರ ತೆಗೆದು, ಮುಂಗೈ ಕೂರೋ ಕಡೆ ಇಳಿಜಾರು ಮಾಡಿದ್ರು.

ಈ ಗಿಟಾರ್ ಮಾಡಿಕೊಡ್ತಿರೋ ಲೂಥಿಯರ್ ನನಗೆ ಯಾವ ಮರ ಬೇಕು ಅಂತ ಮೊದಲು ಕೇಳಲೇ ಇಲ್ಲ. ಕೂರಿಸಿದ್ರು, ಕಚ್ಚಾ ಬಾಡಿ ಮಡಿಲಿಗೆ ಇಟ್ರು, ಕಣ್ಣು ಮುಚ್ಚಿ ನುಡಿಸೋ ಹಾಗೆ ಕೈ ಇಡಿ ಅಂದ್ರು. ಮುಂಗೈ ಎಲ್ಲಿ ಬಿತ್ತೋ ಅದರ ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದ್ರು. ಆಮೇಲೆ ಅರ ಹಿಡಿದು ನಾಲ್ಕು ಸಲ ಉಜ್ಜೋದು, ಹೊಟ್ಟು ಊದಿ ನನ್ನ ಕೈಗೆ ಕೊಡೋದು, ಮತ್ತೆ ಇಸ್ಕೊಳ್ಳೋದು. ಆ ಮಧ್ಯಾಹ್ನ ಪೂರ್ತಿ ಅಷ್ಟೇ ನಡೀತು. ಸಮವಾಯ್ತಾ ಅಂತ ಕಣ್ಣಲ್ಲಿ ನೋಡ್ತಿರಲಿಲ್ಲ, ಅಂಗೈ ಸವರಿ ನೋಡ್ತಿದ್ರು.

ನೆಕ್ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿದೆ. ಸ್ವೀಡನ್ನಿನ ಓಲಾ ಸ್ಟ್ರಾಂಡ್‌ಬರ್ಗ್ ಅವರ ಗಿಟಾರ್‌ಗಳಲ್ಲಿ ನೆಕ್‌ನ ಹಿಂಭಾಗ ದುಂಡಗಿರಲ್ಲ, ಪಟ್ಟಿ ಪಟ್ಟಿಯಾಗಿ ಚಪ್ಪಟೆ ಇರುತ್ತೆ, ಹೆಬ್ಬೆರಳು ಅಲ್ಲಿ ನೆಲೆ ನಿಲ್ಲಲಿ ಅಂತ. ಅದನ್ನ ಮೆಚ್ಚಿ ಬಿಡದೇ ಇರೋರು ತುಂಬಾ ಜನ ಇದಾರೆ. ನನ್ನ ಕೈಗೆ ಒಗ್ಗಲಿಲ್ಲ, ದುಂಡನೆ ನೆಕ್ಕೇ ಬೇಕು ಅಂದೆ. ಲೂಥಿಯರ್ ಒಂದು ಮಾತೂ ಎದುರಾಡಲಿಲ್ಲ.

ನೋಡಿ, ಬಾಡಿ ಮೇಲೆ ಇನ್ನೂ ಬಣ್ಣ ಹಚ್ಚಿಲ್ಲ. ಬೇಕಂತಲೇ. ಒಂದು ವಾರ ನುಡಿಸಿ, ಎಲ್ಲಿ ಒತ್ತುತ್ತೋ ಅಲ್ಲಿ ಗುರುತು ಹಾಕ್ಕೊಂಡು ಬನ್ನಿ ಅಂತ ಅದೇ ಪೆನ್ಸಿಲ್ ಕೈಗೆ ಕೊಟ್ಟು ಕಳಿಸಿದಾರೆ. ನಿನ್ನೆ ಒಂದು ಗುರುತು ಹಾಕಿದೆ. ಇಲ್ಲಿ, ನೆಕ್ ಬಾಡಿಗೆ ಸೇರೋ ಕಡೆ, ಅಂಗೈ ಬುಡ ತಾಗುತ್ತಲ್ಲ, ಅಲ್ಲಿ.