ರಿಂಗ್ ರೋಡಿನಾಚೆಯ ಎರಡನೇ ತರಗತಿ

ಕೇಳುಗರೇ, ನಮಸ್ಕಾರ.

ಹೋದ ವಾರ ನಮ್ಮ ಮನೆಯಲ್ಲಿ ಜಗಳ ಆಯಿತು. ಕೂಗಾಡುವ ಜಗಳ ಅಲ್ಲ, ಊಟಕ್ಕೆ ಕೂತಾಗ ಯಾರೂ ಮಾತಾಡದಂಥ ಜಗಳ. ಮಗ ಆರು ವರ್ಷದ ಹಿಂದೆ ಇದೇ ಕಲಬುರಗಿಯಲ್ಲಿ ರಿಂಗ್ ರೋಡಿನಾಚೆ, ಸೇಡಂ ರಸ್ತೆ ಕಡೆ ಒಂದು ಪ್ಲಾಟ್ ಹಿಡಿದು ಮನೆ ಕಟ್ಟಿಸಿದ. ಸಾಲ ಇನ್ನೂ ತೀರಿಲ್ಲ. ಈಗ ಸೊಸೆ ಅನ್ನುತ್ತಾಳೆ, "ಈ ಮನಿ ಬಾಡಿಗಿ ಕೊಟ್ಟು ನಾವು ಬ್ರಹ್ಮಪುರದಾಗ ಬಾಡಿಗಿಗೆ ಹೋಗೋಣ್ರಿ ಅತ್ತಿ." ಸ್ವಂತ ಮನೆ ಬಿಟ್ಟು ಹಳೇ ಊರೊಳಗಿನ ಬಾಡಿಗೆ ಮನೆಗೆ! ಯಾಕೆ ಅಂದರೆ ಮೊಮ್ಮಗನ ಶಾಲೆ.

ನಾನು 34 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು. ಮೊಮ್ಮಗನೂ ಸರ್ಕಾರಿ ಶಾಲೆಗೇ ಹೋಗಲಿ ಅಂತ ಹಟ ಹಿಡಿದವಳೂ ನಾನೇ. ಹಾಗಾಗಿ ಈ ಜಗಳದಲ್ಲಿ ಅರ್ಧ ಪಾಲು ನನ್ನದು. ಸುಮ್ನೆ ಮನೆಯಲ್ಲಿ ಕೂತು ವಾದ ಮಾಡುವುದಕ್ಕಿಂತ ಹೋಗಿ ನೋಡೋಣ ಅಂತ ಒಂದು ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಹೋದೆ.

ಎರಡನೇ ತರಗತಿಯ ಬಾಗಿಲಲ್ಲಿ ನಿಂತು ಎಣಿಸಿದೆ. 57 ಮಕ್ಕಳು. ಹೊಸಿಲ ಹೊರಗೆ ಚಪ್ಪಲಿಗಳ ಗುಡ್ಡೆ. ಮಿರಗದ ಮಳೆ ಆಗತಾನೆ ಬಂದು ಹೋಗಿತ್ತು. ಲೇಔಟಿನ ಕರಿಮಣ್ಣು ಒಂದೊಂದು ಚಪ್ಪಲಿಗೂ ಸೇರು ಸೇರು ಮೆತ್ತಿಕೊಂಡಿತ್ತು.

ಎರಡನೇ ತರಗತಿ ಅಂದರೆ ನಲಿಕಲಿ ಕೋಣೆ. ನೋಡಿದವರಿಗೆ ಗೊತ್ತು. ಒಂದರಿಂದ ಮೂರನೇ ತರಗತಿವರೆಗೆ ಮಕ್ಕಳು ಸಾಲಾಗಿ ಕೂಡುವುದಿಲ್ಲ, ಗುಂಪು ಗುಂಪಾಗಿ ಸುತ್ತ ಕೂಡುತ್ತಾರೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಸಹಾಯ ಮಾಡುತ್ತಾರೆ, ಇನ್ನೊಂದಕ್ಕೆ ಅರ್ಧ, ಕೊನೆಯದು ತಾನೇ ಕಲಿಯುವ ಗುಂಪು. ಮಗು ಒಂದು ಪಾಠದ ಕಾರ್ಡ್ ಮುಗಿಸಿ ಎದ್ದು ಹೋಗಿ ಮುಂದಿನ ಕಾರ್ಡ್ ತರಬೇಕು. ಗೋಡೆಯ ಕೆಳಗೆ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೆ ಒಂದೊಂದು ಪಾಲು ಹಲಗೆ. ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ ತೂಗುಹಾಕುವ ಚಪ್ಪರ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಸಣ್ಣ ಸಣ್ಣ ಶಾಲೆಗಳಲ್ಲಿ ಶುರುವಾದ ಪದ್ಧತಿ ಇದು. ನನಗೆ ಬಹಳ ಇಷ್ಟ.

ಆದರೆ 57 ಮಕ್ಕಳಿಗೆ ಇದು ಆಗುವ ಮಾತಲ್ಲ. ಸುತ್ತ ಕೂಡಲು ಜಾಗ ಇಲ್ಲ. ಮಗು ಎದ್ದು ಹೋಗಿ ಕಾರ್ಡ್ ತಂದರೆ ವಾಪಸ್ ಬರುವಷ್ಟರಲ್ಲಿ ಅದರ ಜಾಗದಲ್ಲಿ ಇನ್ನೊಂದು ಮಗು ಕೂತಿರುತ್ತದೆ. ಅದಕ್ಕೇ ಯಾರೂ ಏಳುವುದಿಲ್ಲ. ಗೋಡೆ ಹಲಗೆ ಇದೆ, ಅದಕ್ಕೆ ಬೆನ್ನು ಆನಿಸಿ ಒಂದು ಸಾಲು ಮಕ್ಕಳು ಕೂತಿದ್ದರು. ನನ್ನ ಮೊಮ್ಮಗನ ಅಂಗಿಯ ಬೆನ್ನಿಗೆ ದಿನಾ ಸೀಮೆಸುಣ್ಣ ಯಾಕೆ ಹತ್ತಿರುತ್ತದೆ ಅಂತ ಅವತ್ತು ತಿಳಿಯಿತು. ಟೀಚರ್ ಪಾಪ, ನನ್ನ ನೋಡಿ ನಕ್ಕರು. "ಮೇಡಂ, ಹಾಜರಿ ಕರೆಯೋದ್ರಾಗೇ ಕಾಲು ತಾಸು ಹೋಗ್ತದ್ರಿ" ಅಂದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಜಾಗದಲ್ಲಿ ನಾನಿದ್ದರೂ ಅಷ್ಟೇ.

ಹೀಗಾದದ್ದು ಹೇಗೆ? ಊರು ಬೆಳೆದದ್ದು ನಮ್ಮ ಕಣ್ಣೆದುರೇ. 2001ರ ಗಣತಿಯಲ್ಲಿ ನಾಲ್ಕೂಕಾಲು ಲಕ್ಷದ ಆಸುಪಾಸು ಇದ್ದ ನಮ್ಮ ನಗರ 2011ರಲ್ಲಿ 5.33 ಲಕ್ಷ ಆಯಿತು. 2021ರಲ್ಲಿ ಆಗಬೇಕಿದ್ದ ಗಣತಿ ಆಗಲೇ ಇಲ್ಲ. ಅಷ್ಟರಲ್ಲಿ ಊರು ನಿಂತಿತೇ? 2008ರಲ್ಲಿ ಹೈಕೋರ್ಟ್ ಪೀಠ ಬಂತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಶುರುವಾಯಿತು, ಆಮೇಲೆ ಆಳಂದ ರಸ್ತೆಯ ಕಡಗಂಚಿಗೆ ಹೋಯಿತು. ಸೇಡಂ ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆ, ಮೆಡಿಕಲ್ ಕಾಲೇಜು. 2019ರಲ್ಲಿ ವಿಮಾನವೂ ಇಳಿಯಿತು. ಜೊತೆಗೆ ಜೇವರ್ಗಿ, ಅಫಜಲಪುರ, ಚಿಂಚೋಳಿ ಕಡೆಯಿಂದ ಮಕ್ಕಳ ಓದಿಗಾಗಿಯೇ ಬರುವ ಕುಟುಂಬಗಳು. ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಲ್ಲು ನೆಟ್ಟು ಪ್ಲಾಟ್ ಮಾಡಿದರು. ಅಲ್ಲಿ ಎನ್‌ಎ ಆಯಿತಾ (ಹೊಲದ ಜಮೀನು ಮನೆ ಕಟ್ಟುವ ಜಮೀನಾಗಿ ಬದಲಾಯಿತಾ), ನಳ ಬರುತ್ತಾ, ರಸ್ತೆ ಎಷ್ಟು ಅಡಿ ಅಂತ ಕೇಳಿದೆವು. ಶಾಲೆ ಎಲ್ಲಿ ಅಂತ ಕೇಳಿದವರು ಕಡಿಮೆ. ನನ್ನ ಮಗನೂ ಕೇಳಲಿಲ್ಲ. ಟೀಚರ್ ಆಗಿದ್ದ ನಾನೂ ಕೇಳಲಿಲ್ಲ. ಪೂಜೆಗೆ ತೆಂಗಿನಕಾಯಿ ಎಷ್ಟು ಬೇಕು ಅಂತ ಮಾತ್ರ ಕೇಳಿದೆ.

ಮಂಜೂರಾತಿ ಇರುವ ಲೇಔಟಿನಲ್ಲಿ ಸಿಎ ಸೈಟ್ ಅಂತ ಬಿಟ್ಟಿರುತ್ತಾರೆ. ಶಾಲೆ, ಆಸ್ಪತ್ರೆ, ಅಂಗನವಾಡಿಯಂಥ ಊರ ಕೆಲಸಕ್ಕೆ ಮೀಸಲಾದ ಜಾಗ ಅದು. ಹೊಲವನ್ನು ಹಾಗೇ ತುಂಡು ಮಾಡಿ ಮಾರಿದ ಕಡೆ ಅದೂ ಇರುವುದಿಲ್ಲ. ಒಂದು ಪ್ಲಾಟ್ ಜಾಸ್ತಿ ಮಾರಿದರೆ ಲಾಭ ತಾನೇ? ಅಂಥ ಕಾಲೋನಿಗಳ ಮಕ್ಕಳೆಲ್ಲ ಪಕ್ಕದ ಹಳ್ಳಿಯ ಹಳೇ ಶಾಲೆಗೆ ಬರುತ್ತಾರೆ. ನನ್ನ ಮೊಮ್ಮಗನ ಶಾಲೆ ಅಂಥದ್ದೇ. ಹಳ್ಳಿ ಈಗ ನಗರದೊಳಗೆ ಸೇರಿಹೋಗಿದೆ. ಶಾಲೆ ಮಾತ್ರ ಹಳ್ಳಿಯ ಅಳತೆಯಲ್ಲೇ ಇದೆ. ಐದು ಕೋಣೆ, ಒಂದು ಬೇವಿನ ಗಿಡ, ಒಂದು ನಳ.

ಇನ್ನು ಶಿಕ್ಷಕರ ಲೆಕ್ಕ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 90ರವರೆಗೆ ಮೂವರು, 120ರವರೆಗೆ ನಾಲ್ವರು, 200ರವರೆಗೆ ಐವರು. 200 ದಾಟಿತು ಅಂದರೆ ಮುಖ್ಯ ಶಿಕ್ಷಕರನ್ನು ಬಿಟ್ಟು ಒಬ್ಬರಿಗೆ 40ಕ್ಕಿಂತ ಜಾಸ್ತಿ ಮಕ್ಕಳು ಇರುವಂತಿಲ್ಲ. ಆರರಿಂದ ಎಂಟಕ್ಕೆ 35. ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೋಣೆ.

ನಮ್ಮ ಶಾಲೆಯಲ್ಲಿ ಈ ವರ್ಷ 262 ಮಕ್ಕಳು. 40ರಿಂದ ಭಾಗಿಸಿ ನೋಡಿ, ಏಳು ಜನ ಬೇಕು. ಇರುವವರು ಐವರು. ಮೂರು ವರ್ಷದ ಹಿಂದೆ 180 ಮಕ್ಕಳಿದ್ದಾಗ ಐವರು ಸರಿಯಾಗೇ ಇತ್ತು. ಹುದ್ದೆ ಲೆಕ್ಕ ಹಾಕುವಾಗ ಯಾವುದೋ ಒಂದು ದಿನದ ದಾಖಲಾತಿ ಹಿಡಿಯುತ್ತಾರೆ. ಕಡತ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಲೇಔಟಿನಲ್ಲಿ ಇನ್ನೂ ಇಪ್ಪತ್ತು ಮನೆಗೆ ಗೃಹಪ್ರವೇಶ ಆಗಿರುತ್ತದೆ. ಹಳೇ ಊರಿನೊಳಗೆ ಮಕ್ಕಳು ಕಡಿಮೆಯಾದ ಶಾಲೆಗಳಿಂದ ಹೆಚ್ಚುವರಿ ಶಿಕ್ಷಕರನ್ನು ಈ ಕಡೆ ಹಾಕಬಹುದು, ಅದಕ್ಕೆ ಪದ್ಧತಿಯೂ ಇದೆ. ಆದರೆ ಬಂದ ಶಿಕ್ಷಕರು ಯಾವ ಕೋಣೆಯಲ್ಲಿ ಪಾಠ ಮಾಡಬೇಕು? ಇರುವುದು ಐದೇ. ಸದ್ಯಕ್ಕೆ ಒಬ್ಬ ಅತಿಥಿ ಶಿಕ್ಷಕರು ಬಂದರೆ ಬೇವಿನ ಗಿಡದ ಕೆಳಗೆ ಕೂಡಿಸುತ್ತೇವೆ ಅಂದರು ಮುಖ್ಯ ಶಿಕ್ಷಕಿ. ತಮಾಷೆಗೆ ಅಂದದ್ದಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಸರ್ಕಾರಿ ಶಾಲೆ ತನ್ನ ನೆರೆಹೊರೆಯ ಮಗುವಿಗೆ ಸೀಟಿಲ್ಲ ಅನ್ನುವಂತಿಲ್ಲ. ತುಂಬಿದೆ ಅಂತ ಬಾಗಿಲು ಹಾಕುವುದು ಖಾಸಗಿಯವರಿಗೆ ಸಾಧ್ಯ, ಇವರಿಗಿಲ್ಲ. ಹಾಗಾಗಿ ಗದ್ದಲ ಕಂಡ ಕೂಡಲೇ ಶಾಲೆ ಕೆಟ್ಟದ್ದು ಅನ್ನಬೇಡಿ. ಎಷ್ಟೋ ಸಲ ಪಾಠ ಚೆನ್ನಾಗಿದೆ ಅಂತಲೇ ಜನ ಬಂದಿರುತ್ತಾರೆ.

ನಮ್ಮ ಹಿಂದಿನ ಗಲ್ಲಿಯಲ್ಲಿ ಯಡ್ರಾಮಿ ಕಡೆಯ ಒಂದು ಕುಟುಂಬ ಇದೆ. ಗಂಡ ಟಂಟಂ ಆಟೋ ಓಡಿಸುತ್ತಾನೆ. ಎರಡು ಮಕ್ಕಳ ಓದಿಗಾಗಿ ಊರಲ್ಲಿ ಹೊಲ ಪಾಲಿಗೆ ಕೊಟ್ಟು ಬಂದವರು. ಆ ತಾಯಿ ನನ್ನ ಹತ್ತಿರ ಒಂದು ದಿನ ಕೂತು ಹೇಳಿದಳು, "ಟೀಚರ್, ನಮ್ಮೂರ ಸಾಲ್ಯಾಗ ಹನ್ನೊಂದು ಹುಡುಗ್ರಿದ್ರು. ಇಬ್ರು ಮಾಸ್ತರ್ರು. ಸಿಟಿ ಸಾಲಿ ಛಲೋ ಇರ್ತದಂತ ಬಂದ್ವಿ. ಇಲ್ಲಿ ನಮ್ಮ ಹುಡುಗಿ ಹೆಸರು ಟೀಚರ್ಗೆ ಗೊತ್ತಿಲ್ರಿ." ಹನ್ನೊಂದು ಮಕ್ಕಳಿಗೆ ಇಬ್ಬರು, ಇಲ್ಲಿ 57ಕ್ಕೆ ಒಬ್ಬರು. ಎರಡೂ ಒಂದೇ ಜಿಲ್ಲೆಯಲ್ಲಿ, ಒಂದೇ ಕಾಯ್ದೆಯ ಕೆಳಗೆ. ನನಗೆ ಏನು ಹೇಳಬೇಕೋ ತೋಚಲಿಲ್ಲ. ವಾಪಸ್ ಹೋಗು ಅನ್ನಲಾ? ಊರಲ್ಲಿ ಐದನೇ ತರಗತಿ ಮುಗಿದರೆ ಮುಂದಿನ ಶಾಲೆ ದೂರ. ಅವಳು ಲೆಕ್ಕ ಹಾಕದೇ ಬಂದವಳಲ್ಲ.

ಖಾಸಗಿಗೆ ಹಾಕಬಹುದಲ್ವಾ ಅಂತ ನೀವು ಕೇಳಬಹುದು. ಫೀ ಮಾತು ಬಿಡಿ, ವ್ಯಾನಿನ ದುಡ್ಡೇ ಆ ಟಂಟಂ ಸಂಸಾರವನ್ನು ಅಲ್ಲಾಡಿಸುತ್ತದೆ. ಮೊದಲು ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಶೇಕಡಾ 25 ಸೀಟು ಸಿಗುತ್ತಿತ್ತು. ನಮ್ಮ ರಾಜ್ಯದಲ್ಲಿ 2019ರಿಂದ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ದಾರಿ ಇಲ್ಲ. ಆ ಹತ್ತಿರದ ಶಾಲೆಯಲ್ಲಿ ಕೂಡಲು ಜಾಗ ಇದೆಯಾ ಅಂತ ನಿಯಮ ಕೇಳುವುದಿಲ್ಲ.

ಮನೆ ಬದಲಿಸುವ ಯೋಚನೆ ಇದ್ದವರಿಗೆ ನಾನು ಹೇಳುವುದು ಒಂದೇ. ಬಾಡಿಗೆ ಮಾತಾಡುವ ಮುಂಚೆ ಆ ಕಡೆಯ ಶಾಲೆಗೆ ವಾರದ ದಿನ ಹೋಗಿ. ರವಿವಾರ ಹೋದರೆ ಬೋರ್ಡ್ ಮಾತ್ರ ಕಾಣುತ್ತದೆ. ನಿಮ್ಮ ಮಗುವಿನ ತರಗತಿಯ ಬಾಗಿಲಲ್ಲಿ ನಿಂತು ತಲೆ ಎಣಿಸಿ. ಶಾಲೆಯ ಸರಾಸರಿ ಕೇಳಬೇಡಿ, ಸರಾಸರಿ ಮೋಸ ಮಾಡುತ್ತದೆ. ಐದನೇ ತರಗತಿಯಲ್ಲಿ 30, ಒಂದನೇ ತರಗತಿಯಲ್ಲಿ 70 ಇರಬಹುದು. ಒಂದನೇ ತರಗತಿ ವರ್ಷವರ್ಷ ಉಬ್ಬುತ್ತಿದ್ದರೆ ಆ ಬಡಾವಣೆ ಇನ್ನೂ ತುಂಬುತ್ತಿದೆ ಅಂತ ಅರ್ಥ. ಬಿಸಿಯೂಟದ ಗಂಟೆ ಹೊಡೆಯುವವರೆಗೆ ಇದ್ದು ನಳದ ಹತ್ತಿರ ನೋಡಿ. ಕೈ ತೊಳೆಯದೇ ಎಷ್ಟು ಮಕ್ಕಳು ತಟ್ಟೆ ಹಿಡಿದು ಸಾಲಿಗೆ ಓಡುತ್ತಾರೆ ಅನ್ನುವುದೇ ಒಂದು ಲೆಕ್ಕ. ವರ್ಷದ ನಡುವೆ ಶಾಲೆ ಬದಲಿಸಿದರೆ ಸೇರಿಸಿಕೊಳ್ಳುವುದಿಲ್ಲ ಅಂತ ಯಾರಾದರೂ ಅಂದರೆ ಹೆದರಬೇಡಿ. ಬೇರೆ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಟಿಸಿ ತಕ್ಷಣ ಕೊಡಬೇಕು, ಟಿಸಿ ತಡವಾಯಿತು ಅಂತ ಪ್ರವೇಶ ನಿಲ್ಲಿಸುವಂತಿಲ್ಲ. ಅದೂ ಅದೇ ಕಾಯ್ದೆಯಲ್ಲಿದೆ.

ಸೊಸೆ ಹೇಳಿದ ಬ್ರಹ್ಮಪುರದ ಕಡೆಯ ಶಾಲೆಗೂ ಹೋಗಿ ನೋಡಿದೆ. ಎರಡನೇ ತರಗತಿಯಲ್ಲಿ 19 ಮಕ್ಕಳು. ಚಪ್ಪರದ ದಾರದಲ್ಲಿ ಎಲ್ಲರ ಚಿತ್ರವೂ ತೂಗುತ್ತಿತ್ತು. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು.

ಮಗ ಅಷ್ಟರಲ್ಲಿ ಇನ್ನೊಂದು ಕೆಲಸ ಮಾಡಿದ. ಅಲ್ಲಿಯವರೆಗೆ ಶಾಲೆಯ ಸಭೆಗೆ ಒಂದು ಸಲವೂ ಹೋಗದವನು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಗೆ ಹೋದ. ಅಲ್ಲಿ ಒಬ್ಬರು ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ ಮಾಡೋಣ ಅಂದರಂತೆ. ಎಲ್ಲರೂ ಒಪ್ಪಿದರು. ಯಾರ ಮಕ್ಕಳು ಮಧ್ಯಾಹ್ನ ಅಂತ ಕೇಳಿದಾಗ ಒಬ್ಬರೂ ಕೈ ಎತ್ತಲಿಲ್ಲ. ಕಲಬುರಗಿ ಬಿಸಿಲು, ಮತ್ತೇನು! ಕೊನೆಗೆ ನಮ್ಮ ಲೇಔಟಿನ ನಕ್ಷೆ ಹುಡುಕಿ ತೆಗೆದರು. ಸಿಎ ಸೈಟ್ ಇದೆ. ದಿನಾ ನಾನು ಹಾಲಿಗೆ ಹೋಗುವ ದಾರಿಯಲ್ಲೇ ಇದೆ. ಯಾರೋ ಮನೆ ಕಟ್ಟಲು ತಂದ ಶಹಾಬಾದ್ ಕಲ್ಲು ಪೇರಿಸಿಟ್ಟಿದ್ದಾರೆ, ಸಂಜೆ ನಾಲ್ಕು ಟಂಟಂ ನಿಲ್ಲುತ್ತವೆ. ಆ ಜಾಗ ಶಾಲೆಗೆ ಕೊಡಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಕೋಣೆ ಕಟ್ಟಿಸಿ ಅಂತ ಅರ್ಜಿ ಬರೆದು 70 ಪಾಲಕರು ಸಹಿ ಹಾಕಿದ್ದಾರೆ. ಯಡ್ರಾಮಿಯ ಆ ತಾಯಿ ಎರಡನೇ ಸಹಿ. ನಕಲು ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಸೀಲು ಬಿದ್ದಿದೆ. ಸೀಲು ಬಿದ್ದ ಅರ್ಜಿಗಳನ್ನು ನಾನೂ ಜೀವನದಲ್ಲಿ ಬಹಳ ನೋಡಿದ್ದೇನೆ, ಅದಕ್ಕೇ ಮನೆಯಲ್ಲಿ ಜಾಸ್ತಿ ಮಾತಾಡಿಲ್ಲ.

ಕೋಣೆ ಎದ್ದರೂ ಒಂದೆರಡು ವರ್ಷ ಬೇಕು. ಅಷ್ಟರಲ್ಲಿ ನನ್ನ ಮೊಮ್ಮಗ ನಲಿಕಲಿ ಮುಗಿಸಿರುತ್ತಾನೆ. ಸೊಸೆಯ ವಾದ ಇದೇ. ತಪ್ಪು ಅನ್ನಲು ನನ್ನ ಹತ್ತಿರ ಉತ್ತರ ಇಲ್ಲ.

ಬ್ರಹ್ಮಪುರದ ಮನೆಯ ಮಾಲೀಕರು ನಿನ್ನೆ ಸಂಜೆ ಫೋನ್ ಮಾಡಿದ್ದರು. ಆಷಾಢ ಹತ್ತಿರ ಬಂತು, ಬರುವುದಾದರೆ ಅದಕ್ಕೆ ಮೊದಲೇ ಹಾಲು ಉಕ್ಕಿಸಿಬಿಡಿ ಅಂದರು. ಸೊಸೆ ಫೋನಿಗೆ ಕೈ ಅಡ್ಡ ಇಟ್ಟು ನನ್ನ ಕಡೆ ತಿರುಗಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ತಲೆ ಎತ್ತಲಿಲ್ಲ. "ಎಂಟು ದಿವಸ ತಡೀರಿ ಅಣ್ಣಾರ" ಅಂದಳು ಅವಳು.

ನಮಸ್ಕಾರ.