ಸಂಡೂರು ಗುಡ್ಡದ ಮಳೆಯಲ್ಲಿ ಒಬ್ಬರೇ, ಪಿಕಪ್ ಕ್ಯಾಂಪರ್ ಜೊತೆ

ದೃಶ್ಯ: ತೋರಣಗಲ್ಲು ದಾಟಿದ ಮೇಲಿನ ರಸ್ತೆ. ವೈಪರ್ ಓಡುತ್ತಿದೆ. ಎದುರಿಗೆ ಮೋಡ ಹೊದ್ದ ಗುಡ್ಡಸಾಲು.

ನಮಸ್ಕಾರ. ಬಳ್ಳಾರಿ ಕಡೆ ಜಾಸ್ತಿ ಮಳೆ ಬೀಳುವುದು ಜೂನ್-ಜುಲೈನಲ್ಲಿ ಅಲ್ಲ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಬಹುಪಾಲು ನೀರು ಸುರಿದು ಬರುತ್ತದೆ. ನಮ್ಮ ಪಾಲಿಗೆ ಉಳಿಯುವುದು ಗಾಳಿ, ಆಗೊಮ್ಮೆ ಈಗೊಮ್ಮೆ ನಾಲ್ಕು ಹನಿ. ಮುಂಗಾರು ವಾಪಸ್ ಹೊರಡುವ ಹೊತ್ತಿಗೆ ನಮಗೆ ನಿಜವಾದ ಮಳೆ ಶುರು. ಆ ಮೋಡಕ್ಕೆ ಬಯಲಲ್ಲಿ ಏನೂ ಅಡ್ಡ ಸಿಗುವುದಿಲ್ಲ. ಸಂಡೂರಿನಲ್ಲಿ ಗುಡ್ಡ ಅಡ್ಡ ನಿಲ್ಲುತ್ತದೆ. ಅಲ್ಲಿ ಇಳಿಯುತ್ತದೆ ನೋಡಿ ನೀರು!

"ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ" ಎಂದು ಗಾಂಧೀಜಿ ಹೇಳಿದ್ದರು ಅನ್ನುವ ಮಾತನ್ನು ಆ ಊರಲ್ಲಿ ಯಾರ ಬಾಯಲ್ಲಾದರೂ ಕೇಳಬಹುದು. ಮಳೆಗಾಲದ ಕಾಡು ನೋಡಬೇಕು ಅಂದರೆ ನಮ್ಮ ಕಡೆಯವರು ಸೀದಾ ಆಗುಂಬೆ, ಸಕಲೇಶಪುರ ಅಂತ ಗಾಡಿ ತಿರುಗಿಸುತ್ತಾರೆ. ಹೋಗಲಿ, ಅದೂ ಚೆನ್ನ. ಆದರೆ ಬಳ್ಳಾರಿಯಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ನಮ್ಮದೇ ಜಿಲ್ಲೆಯಲ್ಲಿ ಇಷ್ಟು ಚಂದದ ಕಾಡು ಇರುವಾಗ ಅದನ್ನು ನೋಡದೇ ಇರುವುದು ನನಗೆ ತುಂಬಾ ಬೇಜಾರಿನ ಸಂಗತಿ. ಅದಕ್ಕೇ ಈ ವಿಡಿಯೋ. ಪಿಕಪ್ ಹಿಂದೆ ಮಲಗುವಷ್ಟು ಒಂದು ಡಬ್ಬಿ, ಅಂದರೆ ಕ್ಯಾಂಪರ್, ಕೂರಿಸಿಕೊಂಡು, ಮಳೆಯಲ್ಲಿ, ಒಬ್ಬರೇ ಸಂಡೂರು ಸುತ್ತುವುದು ಹೇಗೆ?

ದೃಶ್ಯ: ಎತ್ತರದಿಂದ ಸಂಡೂರು ಕಣಿವೆ. ಎರಡೂ ಬದಿ ಗುಡ್ಡ, ನಡುವೆ ಊರು.

ಮೊದಲು ಜಾಗ ಅರ್ಥ ಮಾಡಿಕೊಳ್ಳೋಣ. ಎರಡು ಗುಡ್ಡಸಾಲು ಹೆಚ್ಚುಕಡಿಮೆ ಜೊತೆಜೊತೆಯಾಗಿ ಓಡುತ್ತವೆ. ನಡುವೆ ಉದ್ದನೆಯ ಕಣಿವೆ, ಕಣಿವೆಯಲ್ಲಿ ಸಂಡೂರು. ಈ ಕಲ್ಲಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಕಬ್ಬಿಣದ ಅದಿರು ತುಂಬಿದ ಕಲ್ಲು. ಕಣಿವೆಯ ನೀರನ್ನೆಲ್ಲ ಹೊತ್ತು ಸಾಗುವ ನಾರಿಹಳ್ಳ ಆ ಗುಡ್ಡವನ್ನೇ ಕೊರೆದು ದಾರಿ ಮಾಡಿಕೊಂಡಿದೆ. ಭೀಮಗಂಡಿ, ಓಬಳಗಂಡಿ ಅಂತ ಕರೆಯುವ ಕಂದರಗಳು ಅವು. ಹಳ್ಳಕ್ಕೆ ಅಡ್ಡಲಾಗಿ ನಾರಿಹಳ್ಳ ಜಲಾಶಯ ಇದೆ. ಸೆಪ್ಟೆಂಬರ್‌ನಲ್ಲಿ ಅದರ ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಗುಡ್ಡದ ಗೋಡೆ. ಮೋಡ ಗುಡ್ಡದ ನೆತ್ತಿಯಿಂದ ಅರ್ಧಕ್ಕೆ ಇಳಿದು ಅಲ್ಲೇ ಕೂತಿರುತ್ತದೆ.

ಇದು ಮಲೆನಾಡಿನ ಹಾಗೆ ವರ್ಷವಿಡೀ ಹಸಿರಾಗಿರುವ ಕಾಡಲ್ಲ. ಏಪ್ರಿಲ್‌ನಲ್ಲಿ ಬಂದರೆ ಬೋಳು ಕೊಂಬೆ, ಕೆಂಪು ನೆಲ. ಎಲೆ ಉದುರಿಸುವ ಮರಗಳು. ಮಳೆ ಬಿದ್ದ ಮೇಲೆ ಅದೇ ಜಾಗ ಗುರುತು ಸಿಗುವುದಿಲ್ಲ. ಆಳೆತ್ತರ ಹುಲ್ಲು, ಬಳ್ಳಿ, ಹೂ. ನೀಲಕುರಿಂಜಿಯೂ ಇಲ್ಲಿ ಅರಳುತ್ತದೆ, 12 ವರ್ಷಕ್ಕೊಮ್ಮೆ. ರಾಮಘಡ ಅಂತ ಒಂದು ಜಾಗ ಇದೆ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನವರು ಸೆಖೆ ತಡೆಯಲಾರದೆ ಇಲ್ಲಿಗೆ ಹತ್ತಿ ಬರುತ್ತಿದ್ದರು. ಎತ್ತರ ಹೆಚ್ಚುಕಡಿಮೆ ಸಾವಿರ ಮೀಟರ್. ಮಳೆಯ ರಾತ್ರಿ ಅಲ್ಲಿ ಸ್ವೆಟರ್ ಬೇಕೇ ಬೇಕು.

ದೃಶ್ಯ: ಪಿಕಪ್ ಹಿಂಬದಿ. ಡಬ್ಬಿಯ ಬಾಗಿಲು ತೆರೆಯುತ್ತದೆ.

ಈಗ ಗಾಡಿ. ಹೊರದೇಶದ ವಿಡಿಯೋಗಳಲ್ಲಿ ಕಾಣುವ ಕ್ಯಾಂಪರ್‌ನಲ್ಲಿ ಸಿಂಕು, ಶವರ್, ಫ್ರಿಜ್ ಎಲ್ಲಾ ಇರುತ್ತದೆ. ನಮಗೆ ಇಲ್ಲಿ ಅದು ಬೇಡ. ಚೌಕ ಪೈಪಿನ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ಶೀಟು, ಒಳಗೆ ಪ್ಲೈವುಡ್, ನಡುವೆ ಶಾಖ ತಡೆಯುವ ಫೋಮ್ ಹಲಗೆ. ಲಾರಿ ಬಾಡಿ ಕಟ್ಟುವವರಿಗೆ ಅಳತೆ ಕೊಟ್ಟರೆ ಅವರು ಮಾಡಿಕೊಡುತ್ತಾರೆ. ಒಂದು ಟನ್‌ಗಿಂತ ಜಾಸ್ತಿ ಹೊರುವ ಪಿಕಪ್‌ಗೆ ಮುನ್ನೂರು ಕಿಲೋ ಡಬ್ಬಿ ಭಾರವೇ ಅಲ್ಲ. ತೊಂದರೆ ಇರುವುದು ಎತ್ತರದ್ದು. ಭಾರ ಮೇಲಿದ್ದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ನೀರಿನ ಕ್ಯಾನು, ಬ್ಯಾಟರಿ, ಜಾಕು ಎಲ್ಲ ನೆಲಕ್ಕೇ ಇರಲಿ, ಅದೂ ಕ್ಯಾಬಿನ್ ಕಡೆಗೆ.

ಕಾನೂನು ಒಂದು ಮಾತು. ಕಂಪನಿಯವರು ಕೊಟ್ಟ ಗಾಡಿಯ ಮೂಲ ರಚನೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಹಾಗಾಗಿ ವೆಲ್ಡ್ ಮಾಡಿ ಕೂರಿಸಬೇಡಿ. ಬಿಚ್ಚಿ ಇಳಿಸುವ ಹಾಗೆ ಬೋಲ್ಟು, ಬೆಲ್ಟು ಹಾಕಿ. ಹಾಗಿದ್ದರೂ ಕೆಲಸ ಶುರು ಮಾಡುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ. ಗಾಡಿ ಓಡುವಾಗ ಡಬ್ಬಿಯೊಳಗೆ ಯಾರೂ ಕೂರಬಾರದು, ಮಕ್ಕಳಂತೂ ಬೇಡವೇ ಬೇಡ.

ದೃಶ್ಯ: ಬೆಳಗಿನ ಜಾವ. ಡಬ್ಬಿಯ ಒಳಚಾವಣಿ ಹತ್ತಿರದಿಂದ. ಹೆಬ್ಬೆರಳು ಎಳೆದಲ್ಲಿ ನೀರಿನ ಗೆರೆ.

ಇದನ್ನು ನೋಡಿ. ರಾತ್ರಿಯಿಡೀ ಮಳೆ. ಚಾವಣಿ ಎಲ್ಲೂ ಸೋರಿಲ್ಲ. ಆದರೂ ಒಳಗೆ ನೀರು. ಎಲ್ಲಿಂದ ಬಂತು?

ನಿಮ್ಮ ಉಸಿರಿನಿಂದ. ಮಲಗಿದ ಒಬ್ಬ ಮನುಷ್ಯ ಒಂದು ರಾತ್ರಿಗೆ ಉಸಿರು, ಬೆವರು ಸೇರಿ ಕಾಲು ಲೀಟರಿಗೂ ಮೇಲ್ಪಟ್ಟು ನೀರನ್ನು ಗಾಳಿಗೆ ಬಿಡುತ್ತಾನೆ. ಮನೆಯಲ್ಲಾದರೆ ಗೊತ್ತೇ ಆಗುವುದಿಲ್ಲ. ಇಷ್ಟು ಸಣ್ಣ ಡಬ್ಬಿಯಲ್ಲಿ ಅದು ಹೋಗುವುದೆಲ್ಲಿಗೆ? ತಣ್ಣಗಿರುವ ಶೀಟಿಗೆ ತಾಗಿ ಹನಿಯಾಗುತ್ತದೆ. ಹನಿ ಕೂಡಿ ಗೋಡೆಗುಂಟ ಇಳಿಯುತ್ತದೆ. ಫೋಮ್ ಹಾಕಿದ ಕಡೆ ಕಡಿಮೆ. ಚೌಕಟ್ಟಿನ ಪೈಪು ಬರುವ ಕಡೆ, ಸ್ಕ್ರೂ ತಲೆಯ ಹತ್ತಿರ ಜಾಸ್ತಿ, ಯಾಕೆಂದರೆ ಲೋಹ ಬೇಗ ತಣ್ಣಗಾಗುತ್ತದೆ.

ಇನ್ನೂ ಒಂದು ಕಡೆ ನೋಡಬೇಕು, ಬಹಳ ಜನ ನೋಡುವುದೇ ಇಲ್ಲ. ಬೆಳಗ್ಗೆ ಎದ್ದು ಹಾಸಿಗೆ ಎತ್ತಿ. ಕೆಳಗಿನ ಪ್ಲೈವುಡ್ ಮೇಲೆ ಅಂಗೈ ಇಡಿ. ಭುಜ ಇದ್ದ ಕಡೆ, ಸೊಂಟ ಇದ್ದ ಕಡೆ ತಣ್ಣನೆಯ ಒದ್ದೆ ಮಚ್ಚೆ. ನಾವು ಮಲಗಿದ ಆಕಾರದಲ್ಲೇ ತೇವ ಮೂಡಿರುತ್ತದೆ. ಎರಡು ರಾತ್ರಿ ಹಾಗೇ ಬಿಟ್ಟರೆ ಬೂಸ್ಟು ವಾಸನೆ ಶುರು. ಅದಕ್ಕೆ ಹಾಸಿಗೆ ಕೆಳಗೆ ಮರದ ಪಟ್ಟಿ ಅಡ್ಡಡ್ಡ ಹೊಡೆಸಿ, ಬೆರಳು ತೂರುವಷ್ಟು ಸಂದು ಬಿಡಿಸಿ. ಗಾಳಿ ಆಡಲಿ.

"ಹೊರಗೆ ಮಳೆ, ಗಾಳಿಯೇ ಒದ್ದೆ. ಕಿಟಕಿ ತೆರೆದರೆ ಏನು ಬಂತು?" ಅಂತ ಕೇಳಬಹುದು. ಬೆಚ್ಚಗಿನ ಗಾಳಿ ಜಾಸ್ತಿ ನೀರು ಹಿಡಿಯುತ್ತದೆ, ತಣ್ಣನೆ ಗಾಳಿ ಕಡಿಮೆ. ಒಳಗಿನ ಗಾಳಿ ನಿಮ್ಮ ಮೈಶಾಖಕ್ಕೆ ಬೆಚ್ಚಗಾಗಿ ತೇವ ತುಂಬಿಕೊಂಡಿರುತ್ತದೆ. ಹೊರಗಿನ ತಣ್ಣನೆ ಗಾಳಿ ಒಳಗೆ ಬಂದು ಬೆಚ್ಚಗಾದರೆ ಅದಕ್ಕೆ ಇನ್ನಷ್ಟು ತೇವ ಹೊರುವ ಶಕ್ತಿ ಬರುತ್ತದೆ. ಅದನ್ನು ಹೊತ್ತುಕೊಂಡು ಹೊರಗೆ ಹೋಗಲು ದಾರಿ ಬೇಕು, ಅಷ್ಟೇ. ಕೆಳಗೊಂದು ತೂತು, ಮೇಲೊಂದು ತೂತು, ಎದುರುಬದುರು ಗೋಡೆಯಲ್ಲಿ. ಎರಡಕ್ಕೂ ಮಳೆ ಹೊಡೆಯದ ಹಾಗೆ ಸಣ್ಣ ಮಾಡು, ಸೊಳ್ಳೆ ಜಾಲರಿ. ಮೇಲಿನದಕ್ಕೆ 12 ವೋಲ್ಟಿನ ಸಣ್ಣ ಫ್ಯಾನು. ನನ್ನ ಪ್ರಕಾರ ಇಡೀ ಕ್ಯಾಂಪರ್‌ನಲ್ಲಿ ದುಡ್ಡು ಹಾಕಬೇಕಾದ ಮೊದಲ ವಸ್ತು ಈ ಫ್ಯಾನು.

ಮೇಲೆ ಒಂದು ತಾಡಪತ್ರಿಯನ್ನೂ ಕಟ್ಟಿ. ಚಾವಣಿಗೆ ಅಂಟಿಸಿ ಅಲ್ಲ, ಒಂದು ಗೇಣು ಎತ್ತರಕ್ಕೆ, ಹಿಂದಕ್ಕೆ ಇಳಿಜಾರು ಮಾಡಿ. ಮಳೆಯ ಸದ್ದು ಅರ್ಧ ಕಡಿಮೆಯಾಗುತ್ತದೆ. ಹಿಂಬಾಗಿಲಿನ ಎದುರು ಒಣ ಜಾಗ ಸಿಗುತ್ತದೆ. ಒದ್ದೆ ಚಪ್ಪಲಿ, ರೇನ್‌ಕೋಟ್ ಅಲ್ಲೇ ಬಿಡಿ, ಒಳಗೆ ತರಬೇಡಿ.

ಅಡುಗೆಯೂ ಅಲ್ಲೇ, ತಾಡಪತ್ರಿ ಕೆಳಗೆ. ಬಾಗಿಲು ಹಾಕಿಕೊಂಡು ಒಳಗೆ ಸ್ಟವ್ ಹಚ್ಚುವುದು ದೊಡ್ಡ ಅಪಾಯ. ಗಾಳಿ ಸಾಲದಿದ್ದರೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಒಬ್ಬರೇ ಇದ್ದಾಗ ಎಬ್ಬಿಸುವವರೂ ಇರುವುದಿಲ್ಲ. ಅದರ ಮೇಲೆ, ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಾವಿ ಬರುತ್ತದೆ. ಮತ್ತೆ ಅದೇ ತೇವ. ನಾನಂತೂ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಇಟ್ಟುಕೊಳ್ಳುತ್ತೇನೆ. ರೊಟ್ಟಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇಡಬೇಕು, ಈ ಹವೆಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಬೆಳಗಿನ ತಿಂಡಿಗೆ ಸಂಡೂರು ಪೇಟೆಗೆ ಇಳಿದರೆ ಬಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇದ್ದೇ ಇದೆ.

ಕರೆಂಟಿನ ವಿಚಾರ ಸುಲಭ. ಫ್ಯಾನು, ಒಂದು ಎಲ್‌ಇಡಿ ದೀಪ, ಫೋನ್ ಚಾರ್ಜು, ಇಷ್ಟಕ್ಕೆ ಒಂದು ರಾತ್ರಿಗೆ 150 ವ್ಯಾಟ್-ಅವರ್ ಸಾಕು. 12 ವೋಲ್ಟಿನ, 100 ಆ್ಯಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಅದರ ಎಂಟು ಪಟ್ಟು ಇರುತ್ತದೆ. ಮೋಡದಲ್ಲಿ ಸೋಲಾರ್ ನಂಬಬೇಡಿ. ಗಾಡಿ ಓಡುವಾಗಲೇ ತುಂಬುವ ಹಾಗೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ದೃಶ್ಯ: ಕೆಂಪು ಕೆಸರಿನ ರಸ್ತೆ. ಎದುರಿಗೆ ಅದಿರು ತುಂಬಿದ ಟಿಪ್ಪರ್. ಪಿಕಪ್ ಎಡಕ್ಕೆ ಸರಿದು ನಿಲ್ಲುತ್ತದೆ.

ಸಂಡೂರಿಗೆ ಮಾತ್ರ ಸೇರಿದ ವಿಷಯ ಇದು. ಇಲ್ಲಿನ ರಸ್ತೆಯ ಮೇಲೆ ಅದಿರಿನ ಪುಡಿ ಇರುತ್ತದೆ. ಟಿಪ್ಪರ್‌ನಿಂದ ಉದುರಿದ್ದು, ಚಕ್ರಗಳ ಕೆಳಗೆ ನುಣ್ಣಗೆ ಅರೆದದ್ದು. ಒಣಗಿದ್ದಾಗ ಧೂಳು. ನಾಲ್ಕು ಹನಿ ಬಿದ್ದರೆ ಡಾಂಬರಿನ ಮೇಲೆ ತೆಳ್ಳಗೆ ಕೆಂಪು ಲೇಪ. ದೊಡ್ಡ ಮಳೆಗಿಂತ ಈ ಸಣ್ಣ ಮಳೆಯೇ ಅಪಾಯ, ಯಾಕೆಂದರೆ ಜೋರು ಮಳೆ ಅದನ್ನು ತೊಳೆದು ಚರಂಡಿಗೆ ಹಾಕುತ್ತದೆ, ಸಣ್ಣ ಮಳೆ ಕಲಸಿ ಬಿಡುತ್ತದೆ. ಗಾಡಿಯಿಂದ ಇಳಿದು ಟೈರ್ ನೋಡಿ. ಸಂದುಗಳಲ್ಲಿ ಕೆಸರು ಮೆತ್ತಿಕೊಂಡು ಟೈರ್ ನುಣ್ಣಗಾಗಿದ್ದರೆ ಅದು ರಸ್ತೆಯನ್ನು ಹಿಡಿಯುವುದೇ ಇಲ್ಲ. ನಿಲ್ಲಿಸಿ, ಕಡ್ಡಿಯಿಂದ ಕೆರೆದು ತೆಗೆದು, ಆಮೇಲೆ ಹೊರಡಿ.

ಏರು ದಾರಿಯಲ್ಲಿ ತುಂಬಿದ ಟಿಪ್ಪರ್ ಬರುತ್ತಿದ್ದರೆ ದಾರಿ ಬಿಡಿ. ಅವರು ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಲಿ, ಬ್ರೇಕನ್ನು ಮೆತ್ತಗೆ ಬಿಟ್ಟು ಬಿಟ್ಟು ಒತ್ತಿ. ಚಕ್ರ ಹೂತರೆ ಆಕ್ಸಲರೇಟರ್ ತುಳಿಯಬೇಡಿ, ಇನ್ನೂ ಆಳಕ್ಕೆ ಇಳಿಯುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಚಕ್ರದ ಮುಂದೆ ಗೋಣಿಚೀಲ ತುರುಕಿ, ನಿಧಾನ ಎತ್ತಿ. ಗೋಣಿಚೀಲ, ಸಲಿಕೆ, ಗಾಳಿ ತುಂಬುವ ಸಣ್ಣ ಪಂಪು ಯಾವಾಗಲೂ ಗಾಡಿಯಲ್ಲಿರಲಿ.

ಹಳ್ಳ ದಾಟುವುದರ ಬಗ್ಗೆ ನನ್ನದು ಒಂದೇ ಮಾತು. ನೀರು ಹರಿಯುತ್ತಿದ್ದು, ತಳ ಕಾಣದಿದ್ದರೆ ಇಳಿಸಬೇಡಿ. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರು ತೇಲುತ್ತದೆ, ಎರಡಡಿ ಇದ್ದರೆ ಪಿಕಪ್ಪನ್ನೂ ತಳ್ಳಿಕೊಂಡು ಹೋಗುತ್ತದೆ. ಗುಡ್ಡದ ಹಳ್ಳ ಎಷ್ಟು ಬೇಗ ಏರುತ್ತದೋ ಅಷ್ಟೇ ಬೇಗ ಇಳಿಯುತ್ತದೆ. ಕಾಯಿರಿ.

ದೃಶ್ಯ: ಸಂಜೆ. ಊರ ಹೊರಗಿನ ಗುಡಿಯ ಅಂಗಳ. ಕಟ್ಟೆಯ ಮೇಲೆ ಹಿರಿಯರೊಬ್ಬರು.

ರಾತ್ರಿ ಎಲ್ಲಿ ನಿಲ್ಲಿಸಬೇಕು? ಕಾಡಿನೊಳಗೆ ಬೇಡ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ತಂಗುವಂತಿಲ್ಲ. ಪಕ್ಕದಲ್ಲೇ ದರೋಜಿ ಕರಡಿಧಾಮ ಇದೆ, 1994ರಲ್ಲಿ ಆದದ್ದು. ಕರಡಿಗೆ ಧಾಮದ ಗಡಿ ಗೊತ್ತಿಲ್ಲ, ಅದು ಇಡೀ ಕುರುಚಲು ಕಾಡಿನಲ್ಲಿ ಓಡಾಡುತ್ತದೆ. ಚಿರತೆಯೂ ಇದೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ಗಾಡಿಯಿಂದ ದೂರ ಹೋಗಬೇಡಿ. ಅನ್ನ, ಹಣ್ಣಿನ ಸಿಪ್ಪೆ ಹೊರಗೆ ಚೆಲ್ಲಬೇಡಿ.

ಊರಿನ ಅಂಚಿನ ಗುಡಿ, ಪೆಟ್ರೋಲ್ ಬಂಕು, ಯಾರದಾದರೂ ಕಣ, ಇವು ಒಳ್ಳೆಯ ಜಾಗ. ಬೆಳಕಿರುವಾಗಲೇ ಹೋಗಿ ಕೇಳಿ.

"ಯಜಮಾನ್ರೇ, ಇವತ್ತು ರಾತ್ರಿ ಗಾಡಿ ಇಲ್ಲಿ ನಿಲ್ಲಿಸ್ಕೊಳ್ಳಲಾ?"

"ನಿಲ್ಸಪ್ಪ. ಆ ಗಿಡದ ಬುಡಕ್ಕ ಬ್ಯಾಡ, ಮಳಿಗೆ ಟೊಂಗಿ ಬೀಳತಾವ. ಈ ಕಡೆ ತಗೊಂಬಾ."

ಆ ಹಿರಿಯರು ಹೇಳಿದ್ದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಮಳೆಗೆ ನೆನೆದ ಮರದ ಕೆಳಗೆ ಗಾಡಿ ನಿಲ್ಲಿಸಲೇಬಾರದು.

ಗುಡ್ಡದ ಸಂದಿಯಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮನೆಯಲ್ಲಿ ಒಬ್ಬರಿಗೆ ದಿನದ ದಾರಿ ತಿಳಿಸಿ, ಫೋನ್ ಮಾಡುವ ಹೊತ್ತು ಗೊತ್ತು ಮಾಡಿಕೊಳ್ಳಿ. ಆ ಹೊತ್ತು ಮೀರಿದರೆ ಅವರು ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಬರೆದುಕೊಡಿ.

ದೃಶ್ಯ: ಸ್ವಾಮಿಮಲೆ. ಕುಮಾರಸ್ವಾಮಿ ದೇವಸ್ಥಾನದ ಗೋಪುರ, ಹಿಂದೆ ಮೋಡ. ಕ್ಯಾಮೆರಾ ತಿರುಗಿದಾಗ ದೂರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ.

ಕುಮಾರಸ್ವಾಮಿ ದೇವಸ್ಥಾನ ಸಂಡೂರಿನಿಂದ ಹತ್ತು-ಹನ್ನೆರಡು ಕಿಲೋಮೀಟರ್. ಪಕ್ಕದ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಮಳೆಯಲ್ಲಿ ಆ ಕಲ್ಲು ಕಪ್ಪಗೆ ಮಿನುಗುತ್ತದೆ. ಅರ್ಧ ದಿನ ಇಲ್ಲೇ ಕಳೆಯಿರಿ.

ಅಲ್ಲಿಂದ ಕಾಣುವ ಗಾಯವನ್ನೂ ನೋಡಿ. ಅಕ್ರಮ ಗಣಿಗಾರಿಕೆ ಮಿತಿಮೀರಿದಾಗ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. 2013ರಲ್ಲಿ ಷರತ್ತು ಹಾಕಿ ಮತ್ತೆ ಬಿಟ್ಟಿತು. ಗಣಿಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ, ಅದು ನನಗೂ ಗೊತ್ತು. ಆದರೆ ಈ ಕಾಡು ಹಿಡಿದಿಡುವ ನೀರೇ ನಾರಿಹಳ್ಳಕ್ಕೆ ಹೋಗುವುದು. ಕಡಿದ ಗುಡ್ಡದ ಮೇಲೆ ಗಿಡ ನೆಟ್ಟು ಹಸಿರು ಮಾಡಬಹುದು, ಕೊರೆದ ಗುಡ್ಡವನ್ನು ಎತ್ತರ ಮಾಡಲು ಆಗುವುದಿಲ್ಲ. ಉಳಿದಿರುವ ಸ್ವಾಮಿಮಲೆ ಕಾಡನ್ನು ಮುಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜನ ಬಂದು ನೋಡಿದಷ್ಟೂ ಈ ಮಾತಿಗೆ ಬಲ ಬರುತ್ತದೆ.

ದೃಶ್ಯ: ವಾಟರ್ ಸರ್ವೀಸ್. ಪಿಕಪ್ ಅಡಿಗೆ ನೀರಿನ ಪೈಪು, ಕೆಂಪು ನೀರು ಹರಿಯುತ್ತಿದೆ.

ವಾಪಸ್ ಬಂದ ದಿನವೇ ಗಾಡಿಯ ಅಡಿಭಾಗ ತೊಳೆಸಿ. ಅದಿರಿನ ಕೆಸರು ಒಣಗಿದರೆ ಕಲ್ಲಿನಷ್ಟು ಗಟ್ಟಿ. ಮಡ್‌ಗಾರ್ಡ್ ಒಳಗೆ, ಬ್ರೇಕ್ ಡ್ರಮ್ಮಿನ ಸುತ್ತ, ರೇಡಿಯೇಟರಿನ ಜಾಲರಿಯಲ್ಲಿ ಎಲ್ಲ ಕಡೆ ನೀರು ಹೊಡೆಸಿ. ಆಮೇಲೆ ಡಬ್ಬಿಯ ಬಾಗಿಲು, ಕಿಟಕಿ ಪೂರ್ತಿ ತೆರೆದು, ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಫ್ಯಾನು ಹಾಕಿ ಬಿಡಿ. ಚಾವಣಿಯ ಅಂಚಿನಲ್ಲಿ ಸೀಲೆಂಟ್ ಬಿರುಕು ಬಿಟ್ಟಿದ್ದರೆ ಪೂರ್ತಿ ಒಣಗಿದ ಮೇಲೆ ಕೆರೆದು ಹೊಸದು ಹಾಕಿ, ಒದ್ದೆ ಇರುವಾಗ ಹಾಕಿದರೆ ಅದು ಹಿಡಿಯುವುದಿಲ್ಲ.