ಹಾರಿದ ಗಂಟೆ, ಕಾದ ಗಂಟೆ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ತಿಂಗಳು ಬಳ್ಳಾರಿಯಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಸಂಜೆ ಹೊತ್ತು. ಒಗ್ಗರಣೆ, ಮಿರ್ಚಿ ಮುಂದಿಟ್ಟು ಅಕ್ಕ ಎದುರಿಗೆ ಕೂತಳು. "ನಮ್ಮ ಹುಡುಗ ಯೂನಿಯನ್ ಸೇರ್ಕೊಂಡಾನಂತೆ. ನೀನೇನಾದ್ರೂ ತಲೆ ಕೆಡಿಸಿದ್ಯೇನಪಾ?" ಅಂದಳು. ದನಿಯಲ್ಲಿ ಅರ್ಧ ಅಂಜಿಕೆ, ಅರ್ಧ ಸಿಟ್ಟು.

ಅವಳ ಮಗ ಹೆಲಿಕಾಪ್ಟರ್ ಪೈಲಟ್. ಮುಂಬೈಯ ಜುಹು ನಿಲ್ದಾಣದಿಂದ ಸಮುದ್ರದ ನಡುವೆ ಇರುವ ಎಣ್ಣೆ ಬಾವಿಗಳಿಗೆ ಕೆಲಸಗಾರರನ್ನು ಕರೆದೊಯ್ದು ಬಿಟ್ಟು ಬರುತ್ತಾನೆ. "ಅಷ್ಟು ಸಂಬಳ ಬರೋನಿಗೆ ಯೂನಿಯನ್ ಯಾಕೆ? ಅದು ನಿಮ್ಮಂಥ ಫ್ಯಾಕ್ಟರಿಯವರಿಗೆ ಅಲ್ವಾ?" ಅಂತ ಅಕ್ಕನ ಪ್ರಶ್ನೆ.

ನಾನು ಮೂವತ್ತು ವರ್ಷ ಮೂರು ಪಾಳಿಯಲ್ಲಿ ದುಡಿದವನು. ಎರಡು ಸಲ ಯೂನಿಯನ್ ಕಮಿಟಿಯಲ್ಲೂ ಇದ್ದೆ. ಆದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಹುಡುಗನಿಗೆ ಫೋನ್ ಮಾಡಿದೆ. ಎರಡು ತಾಸು ಮಾತಾಡಿದ. ಅವನು ಹೇಳಿದ್ದು, ನನಗೆ ಅನ್ನಿಸಿದ್ದು ಎರಡನ್ನೂ ಸೇರಿಸಿ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಸಂಬಳದ ಮಾತು. ಅವನ ಸಂಬಳದಲ್ಲಿ ಎರಡು ಪಾಲು. ಒಂದು ಪಾಲು ತಿಂಗಳು ತಿಂಗಳು ಖಾಯಂ ಬರುತ್ತದೆ. ಇನ್ನೊಂದು, ಎಷ್ಟು ಗಂಟೆ ಹಾರಿಸಿದನೋ ಅಷ್ಟಕ್ಕೆ. ಹಾರಿದರೆ ದುಡ್ಡು, ಹಾರದಿದ್ದರೆ ಇಲ್ಲ. ಇದನ್ನು ಕೇಳಿದ ಕೂಡಲೇ ನನಗೆ ಸಂಡೂರಿನ ಅದಿರು ಲಾರಿಗಳು ನೆನಪಾದವು.

ನಿಮಗೂ ನೆನಪಿರಬೇಕು. ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಮರ, ಮನೆ, ಮೈ ಎಲ್ಲ ಕೆಂಪು ಧೂಳು. ಆ ಡ್ರೈವರ್‌ಗಳಲ್ಲಿ ನನಗೆ ಗೊತ್ತಿದ್ದವರಿಗೆಲ್ಲ ಟ್ರಿಪ್ ಲೆಕ್ಕದಲ್ಲೇ ದುಡ್ಡು. ಒಂದು ಟ್ರಿಪ್ ಜಾಸ್ತಿ ಹೊಡೆದರೆ ಮನೆಗೆ ಒಂದಿಷ್ಟು ಜಾಸ್ತಿ. ಹಾಗಾಗಿ ನಿದ್ದೆ ಬಿಡುತ್ತಿದ್ದರು, ಊಟ ಬಿಡುತ್ತಿದ್ದರು. ಕಣ್ಣು ಎಳೆಯುತ್ತಿದ್ದರೂ ಗಾಡಿ ನಿಲ್ಲಿಸುತ್ತಿರಲಿಲ್ಲ. ಎಷ್ಟು ಮನೆಗಳಲ್ಲಿ ಅದರ ಫಲ ಉಂಡರು ಅಂತ ಆ ರಸ್ತೆಯ ಬದಿಯ ಊರಿನವರನ್ನು ಕೇಳಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದೇ ಡ್ರೈವರ್‌ಗಳ ಕೈ ಪೂರ್ತಿ ಖಾಲಿಯಾಯಿತು. ಟ್ರಿಪ್ ಇಲ್ಲ ಅಂದಮೇಲೆ ಸಂಬಳ ಎಲ್ಲಿಂದ ಬರಬೇಕು?

"ನಿಮ್ಮದೂ ಟ್ರಿಪ್ ಲೆಕ್ಕನೇ ಅಲ್ಲೇನೋ?" ಅಂದೆ. ಹುಡುಗ ನಕ್ಕ. "ಹಂಗೇ ಅನ್ಕೋ ಮಾಮ. ಲಾರಿ ಮಾತ್ರ ಮೇಲೆ ಹಾರ್ತದೆ."

ಇದು ನಗುವ ಮಾತಲ್ಲ ಅಂತ ಆಮೇಲೆ ಅನ್ನಿಸಿತು. ಬೆಳಿಗ್ಗೆ ಮೋಡ ತಗ್ಗಿದೆ, ಸಮುದ್ರದ ಮೇಲೆ ಮಂಜು ಇದೆ ಅಂದುಕೊಳ್ಳಿ. ಹಾರಬೇಕೋ ಬೇಡವೋ ಅಂತ ಕೊನೆಗೆ ತೀರ್ಮಾನ ಮಾಡಬೇಕಾದವನು ಕ್ಯಾಪ್ಟನ್. ಅವನು "ಬೇಡ" ಅಂದರೆ ಅವನದೇ ಜೇಬಿನಿಂದ ದುಡ್ಡು ಹೋಗುತ್ತದೆ. ಪಕ್ಕದಲ್ಲಿ ಕೂತ ಕೋ ಪೈಲಟ್‌ನ ಜೇಬಿನಿಂದಲೂ ಹೋಗುತ್ತದೆ. ಯಾವ ಪೈಲಟ್ಟೂ ದುಡ್ಡಿಗಾಗಿ ಸಾಯಲು ಹೊರಡುವುದಿಲ್ಲ, ನಿಜ. ಆದರೆ ಹೌದೋ ಅಲ್ಲವೋ ಅನ್ನುವಂಥ ಹವೆಯಲ್ಲಿ, ಗೃಹಸಾಲದ ಕಂತು ತಲೆಯಲ್ಲಿದ್ದಾಗ, ತಕ್ಕಡಿ ಯಾವ ಕಡೆ ವಾಲುತ್ತದೆ? ಅದಕ್ಕೇ ಅವರ ಯೂನಿಯನ್ ಒಟ್ಟು ಸಂಬಳ ಏರಿಸಿ ಅನ್ನುವುದಕ್ಕಿಂತ ಖಾಯಂ ಪಾಲನ್ನು ಏರಿಸಿ, ಗಂಟೆ ಲೆಕ್ಕದ ಪಾಲನ್ನು ಇಳಿಸಿ ಅಂತ ಪಟ್ಟು ಹಿಡಿದಿದೆ. ನನ್ನ ಕೇಳಿದರೆ ಇದು ಬುದ್ಧಿವಂತ ಬೇಡಿಕೆ.

ಹವೆ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿದ್ದಾಗ ಬಳ್ಳಾರಿಯಲ್ಲಿ ಜನ ರಾತ್ರಿಯೆಲ್ಲ ಟಿವಿ ಮುಂದೆ ಕೂತಿದ್ದರು. ಗಂಗಾವತಿ, ಸಿಂಧನೂರು ಕಡೆಯಿಂದ ಕೇದಾರನಾಥಕ್ಕೆ ಹೋಗುವವರೂ ಕಮ್ಮಿಯಿಲ್ಲ. ಅಲ್ಲಿ 2025ರ ಜೂನ್ 15ರ ನಸುಕಿನಲ್ಲಿ ಗೌರಿಕುಂಡದ ಹತ್ತಿರ ಹೆಲಿಕಾಪ್ಟರ್ ಬಿದ್ದು 7 ಜನ ತೀರಿಕೊಂಡರು. ಇವಕ್ಕೆಲ್ಲ ಸಂಬಳವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮೋಡದ ಮುಂದೆ ಕೂತು ತೀರ್ಮಾನ ಮಾಡುವವನ ತಲೆ ಹಗುರ ಇರಬೇಕು ಅಂತಷ್ಟೇ ಹೇಳುತ್ತಿದ್ದೇನೆ.

ಈಗ ರೋಸ್ಟರ್. ಅಂದರೆ ಪಾಳಿ ಪಟ್ಟಿ. ಸಂಬಳಕ್ಕಿಂತ ಜಾಸ್ತಿ ಹೊತ್ತು ಹುಡುಗ ಇದರ ಬಗ್ಗೆಯೇ ಮಾತಾಡಿದ.

ಕರಾರಿನ ಪ್ರಕಾರ ಅವನಿಗೆ ಆರು ವಾರ ಡ್ಯೂಟಿ, ಎರಡು ವಾರ ರಜೆ. ಕಾಗದದಲ್ಲಿ ಚೆನ್ನಾಗಿದೆ. ಆದರೆ ರಜೆ ಶುರುವಾಗುವ ಹಿಂದಿನ ದಿನ ಫೋನ್ ಬರುತ್ತದೆ. ಒಬ್ಬರಿಗೆ ಹುಷಾರಿಲ್ಲ, ಇನ್ನು ನಾಲ್ಕು ದಿನ ಇರಿ ಅಂತ. ನಾಲ್ಕು ದಿನ ಎಂಟಾಗುತ್ತದೆ. ಅಕ್ಕನ ಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಅದರಲ್ಲಿ ಮಗ ಬರುವ ದಿನಗಳಿಗೆ ಗುರುತು ಹಾಕಿ, ಹೊಡೆದು, ಮತ್ತೆ ಹಾಕಿ, ಮತ್ತೆ ಹೊಡೆದು, ಆ ಹಾಳೆ ಮಗ್ಗಿ ಕಲಿಯುವ ಹುಡುಗನ ಪಾಟಿ ಥರ ಆಗಿದೆ. ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಗೆ ಅವನು ಬಂದು ನಾಲ್ಕು ವರ್ಷ ಆಯಿತು.

ಅದಕ್ಕಿಂತ ಸೂಕ್ಷ್ಮವಾದದ್ದು ಸ್ಟ್ಯಾಂಡ್‌ಬೈ. ಕರೆದರೆ ಬರಬೇಕು, ಕರೆಯದಿದ್ದರೆ ಇಲ್ಲ. ಊರು ಬಿಟ್ಟು ಹೋಗುವಂತಿಲ್ಲ. ಸಿನಿಮಾಕ್ಕೆ ಹೋದರೆ ಫೋನ್ ಕೈಯಲ್ಲಿ. ಹಾರುವ 12 ಗಂಟೆ ಮೊದಲು ಪೈಲಟ್ ಮದ್ಯ ಮುಟ್ಟುವಂತಿಲ್ಲ ಅಂತ ನಮ್ಮ ದೇಶದ ನಿಯಮ. ಕರೆ ಯಾವಾಗ ಬರುತ್ತದೋ ಗೊತ್ತಿಲ್ಲದವನು ಲೆಕ್ಕ ಹಾಕುವುದು ಹೇಗೆ? ಪೂರ್ತಿ ಉಪವಾಸವೇ. ಅಕ್ಕನಿಗೆ ಇದೊಂದೇ ವಿಷಯ ಖುಷಿ ಕೊಟ್ಟಿತು ಅನ್ನಿ.

ಈ ಕಾಯುವ ಹೊತ್ತು ಕೆಲಸವೋ, ವಿಶ್ರಾಂತಿಯೋ? ಕಂಪನಿ ಹೇಳುತ್ತದೆ: ಹಾಸಿಗೆ ಮೇಲೆ ಮಲಗಿದ್ದೀರಿ, ಅದು ವಿಶ್ರಾಂತಿ. ಪೈಲಟ್ ಹೇಳುತ್ತಾನೆ: ನಿದ್ದೆ ಬರದ ಹಾಸಿಗೆ ಅದು. ನಮ್ಮ ಊರಿನ ಲೈನ್‌ಮನ್ ಹೆಂಡತಿಯನ್ನು ಕೇಳಿ ನೋಡಿ. ಮಳೆಗಾಲದ ರಾತ್ರಿ ಗಂಡ ಮನೆಯಲ್ಲೇ ಇದ್ದರೂ ಮನೆಯಲ್ಲಿ ಇರುವುದಿಲ್ಲ.

ಚುನಾವಣೆ ಬಂದಾಗ ನೀವೂ ಇದನ್ನು ಕಣ್ಣಾರೆ ಕಂಡಿರುತ್ತೀರಿ. ಮೈದಾನಕ್ಕೆ ಟ್ಯಾಂಕರ್ ನೀರು ಹೊಡೆದು, ಧೂಳು ಕೂರಿಸಿ, ಸುಣ್ಣದಲ್ಲಿ ದೊಡ್ಡ ಗುರುತು ಹಾಕಿರುತ್ತಾರೆ. ನಾಯಕರು ಇಳಿದು ಕಾರು ಹತ್ತಿ ಸಭೆಗೆ ಹೋಗುತ್ತಾರೆ. ಹುಡುಗರೆಲ್ಲ ಕಾಂಪೌಂಡ್ ಹತ್ತಿ ಹೆಲಿಕಾಪ್ಟರ್ ನೋಡುತ್ತಾರೆ. ಅದರ ನೆರಳಿನಲ್ಲಿ ನಿಂತ ಬಿಳಿ ಅಂಗಿಯ ಪೈಲಟ್‌ನನ್ನು ಯಾರೂ ನೋಡುವುದಿಲ್ಲ. ಏಪ್ರಿಲ್ ತಿಂಗಳ ರಾಯಚೂರು ಬಿಸಿಲು. ಗಾಜಿನ ಗೂಡಿನಂಥ ಕಾಕ್‌ಪಿಟ್ ಒಲೆ ಥರ ಕಾದಿರುತ್ತದೆ. ಭಾಷಣ ಮುಗಿಯುವುದಿಲ್ಲ. ದೀಪ ಇಲ್ಲದ ಮೈದಾನದಿಂದ ಕತ್ತಲಾದ ಮೇಲೆ ಏಳುವಂತಿಲ್ಲ. ಅವನು ಗಡಿಯಾರ ನೋಡುತ್ತಾನೆ, ಸೂರ್ಯನನ್ನು ನೋಡುತ್ತಾನೆ. ಅವನ ಲಾಗ್ ಪುಸ್ತಕದಲ್ಲಿ ಆ ದಿನ ಹಾರಿದ್ದು ಎರಡು ಗಂಟೆ ಅಂತ ಇರುತ್ತದೆ. ಮೈ ಮಾತ್ರ ಹನ್ನೆರಡು ಗಂಟೆ ದುಡಿದಿರುತ್ತದೆ.

ಜುಹುವಿಗೂ ಬಳ್ಳಾರಿಗೂ ಹಳೇ ನಂಟಿದೆ, ಹೇಳದೆ ಇರಲಾರೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತ ಪುಟ್ಟ ವಿಮಾನವನ್ನು ಅಹಮದಾಬಾದ್ ಮೇಲೆ ಜುಹುವಿಗೆ ತಂದಿಳಿಸಿದರು. ಅಲ್ಲಿಂದ ಆ ಅಂಚೆಯನ್ನು ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿ ಮೇಲೆ ಮದ್ರಾಸಿಗೆ ಒಯ್ದರು. ಮಾಲೀಕನೇ ಪೈಲಟ್ ಆಗಿದ್ದ ಕಾಲ ಅದು. ರೋಸ್ಟರ್ ಸರಿಯಿಲ್ಲ ಅಂತ ಯಾರ ಹತ್ತಿರ ಜಗಳ ಆಡಬೇಕು?

ಈಗ ಹಾಗಿಲ್ಲ. ಆದರೆ ಹೆಲಿಕಾಪ್ಟರ್ ಪೈಲಟ್‌ಗಳಿಗೆ ಒಂದು ವಿಚಿತ್ರ ತೊಂದರೆ ಇದೆ. ನಮ್ಮದು ಫ್ಯಾಕ್ಟರಿ. ಪಾಳಿ ಬಿಟ್ಟಾಗ ಗೇಟಿನ ಮುಂದೆ ನೂರಾರು ಜನ ಒಟ್ಟಿಗೆ ಸಿಗುತ್ತಿದ್ದೆವು. ಚಹಾದಂಗಡಿಯೇ ನಮ್ಮ ಯೂನಿಯನ್ ಆಫೀಸು. ಇವರು ಹಾಗೆ ಸಿಗುವುದಿಲ್ಲ. ನಾಲ್ವರು ಜುಹುವಿನಲ್ಲಿ, ಇಬ್ಬರು ಹಿಮಾಲಯದಲ್ಲಿ, ಇಬ್ಬರು ಈಶಾನ್ಯದಲ್ಲಿ. ಒಬ್ಬನಿಗೆ ರಜೆ ಸಿಕ್ಕರೆ ಇನ್ನೊಬ್ಬ ಡ್ಯೂಟಿಯಲ್ಲಿ. ರೋಸ್ಟರ್ ಸರಿಮಾಡಿಸಲು ಸಭೆ ಸೇರಬೇಕು ಅಂದರೆ ಅದೇ ರೋಸ್ಟರ್ ಅಡ್ಡ ಬರುತ್ತದೆ. ಕೊನೆಗೆ ಅವರು ರಾತ್ರಿ ಹತ್ತಕ್ಕೆ ಫೋನಿನಲ್ಲೇ ಸಭೆ ನಡೆಸಿದರಂತೆ.

ಕಾನೂನು ಏನು ಹೇಳುತ್ತದೆ ಅಂತ ಅಕ್ಕ ಕೇಳಿದಳು. ಯೂನಿಯನ್ ನೋಂದಣಿಗೆ ಕೆಲಸಗಾರರಲ್ಲಿ ಶೇಕಡಾ 10 ಅಥವಾ 100 ಮಂದಿ, ಯಾವುದು ಕಮ್ಮಿಯೋ ಅಷ್ಟು ಜನ ಸದಸ್ಯರಾಗಿರಬೇಕು. ಏಳಕ್ಕಿಂತ ಕಮ್ಮಿ ಇರುವಂತಿಲ್ಲ. ಸಂಬಳ ಜಾಸ್ತಿ ಅನ್ನುವುದು ಅಡ್ಡಿಯಲ್ಲ. ಕೈಯಿಂದ, ಕೌಶಲದಿಂದ ಕೆಲಸ ಮಾಡುವವನು ಎಷ್ಟು ಗಳಿಸಿದರೂ ಕಾರ್ಮಿಕನೇ. ಪೈಲಟ್ ಕೂಡ ಕಾರ್ಮಿಕನೇ ಅಂತ ದೆಹಲಿ ಹೈಕೋರ್ಟ್ ಹೇಳಿದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಇನ್ನೊಂದು ಮಾತಿದೆ. ಒಂದೇ ಕಡೆ ಹಲವು ಯೂನಿಯನ್ ಇದ್ದರೆ ಶೇಕಡಾ 51 ಜನರ ಬೆಂಬಲ ಇರುವ ಯೂನಿಯನ್‌ಗೆ ಮಾತುಕತೆಯ ಹಕ್ಕು. ಹಂಚಿಹೋದವರಿಗೆ ಆ ಅರ್ಧ ದಾಟುವುದೇ ಬೆಟ್ಟ.

ಮುಷ್ಕರ ಮಾಡ್ತಾರೇನು ಅಂತ ಅಕ್ಕನ ನಿಜವಾದ ಅಂಜಿಕೆ. ಪೈಲಟ್‌ಗಳ ಮುಷ್ಕರಕ್ಕೆ ನಮ್ಮ ದೇಶದಲ್ಲಿ ಕಹಿ ನೆನಪುಗಳಿವೆ. 2009ರಲ್ಲಿ ಜೆಟ್ ಏರ್‌ವೇಸ್ ಪೈಲಟ್‌ಗಳು ಯೂನಿಯನ್ ಕಟ್ಟಿದರು. ಅದನ್ನು ಮುನ್ನಡೆಸಿದ ಇಬ್ಬರನ್ನು ಕಂಪನಿ ಕೆಲಸದಿಂದ ತೆಗೆಯಿತು. ಸೆಪ್ಟೆಂಬರ್‌ನಲ್ಲಿ ನೂರಾರು ಪೈಲಟ್‌ಗಳು ಹುಷಾರಿಲ್ಲ ಅಂತ ಒಟ್ಟಿಗೆ ರಜೆ ಹಾಕಿದರು. ಐದು ದಿನ ಎಷ್ಟೋ ವಿಮಾನಗಳು ನಿಂತವು. ಕೊನೆಗೆ ತೆಗೆದವರನ್ನು ವಾಪಸ್ ತೆಗೆದುಕೊಂಡರು. 2012ರಲ್ಲಿ ಏರ್ ಇಂಡಿಯಾದ ಪೈಲಟ್‌ಗಳು 58 ದಿನ ಕೂತರು. ಕೊನೆಗೆ ಕೈಗೆ ಬಂದದ್ದು ಭರವಸೆ ಮಾತ್ರ. ಈಗಿನ ಸಂಹಿತೆಯಲ್ಲಿ 14 ದಿನ ಮೊದಲು ನೋಟಿಸ್ ಕೊಡದೆ ಮುಷ್ಕರ ಮಾಡುವಂತಿಲ್ಲ. ಅರ್ಧದಷ್ಟು ಜನ ಮಾತಾಡಿಕೊಂಡು ಒಂದೇ ದಿನ ಸಿಎಲ್ ಹಾಕಿದರೂ ಅದು ಮುಷ್ಕರ ಅಂತಲೇ ಲೆಕ್ಕ.

ಹೆಲಿಕಾಪ್ಟರ್‌ನವರದೇ ಉದಾಹರಣೆ ಬೇಕೆಂದರೆ ಅಮೆರಿಕದ ಲೂಸಿಯಾನ ಕಡೆ ನೋಡಬೇಕು. ಅಲ್ಲೂ ಸಮುದ್ರದ ಎಣ್ಣೆ ಬಾವಿಗಳಿವೆ. ಅಲ್ಲಿ 14 ದಿನ ಕೆಲಸ, 14 ದಿನ ರಜೆ ಅನ್ನುವ ಪದ್ಧತಿ ಮಾಮೂಲು. ಅಂಥ ರೋಸ್ಟರ್ ಇದ್ದೂ 2006ರಲ್ಲಿ ಒಂದು ದೊಡ್ಡ ಕಂಪನಿಯ ಪೈಲಟ್‌ಗಳು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಎರಡು ತಿಂಗಳೂ ಆಗಲಿಲ್ಲ, ಷರತ್ತಿಲ್ಲದೆ ಕೆಲಸಕ್ಕೆ ಬರುತ್ತೇವೆ ಅಂದರು. ಇದನ್ನು ಹುಡುಗನೇ ಹೇಳಿದ. "ಅದಕ್ಕೇ ನಾವು ಮುಷ್ಕರದ ಮಾತೇ ಎತ್ತಿಲ್ಲ ಮಾಮ. ರೂಲ್ ಬುಕ್ ಹೇಳಿದಷ್ಟೇ ಮಾಡ್ತೀವಿ ಅಂದೀವಿ. ಅಷ್ಟಕ್ಕೇ ಅವರು ಗಾಬರಿ ಆಗ್ಯಾರೆ."

ಆ ಮಾತು ಕೇಳಿ ನನಗೆ ನಗು ಬಂತು. ನಾನು ಕಮಿಟಿಯಲ್ಲಿದ್ದಾಗ ಕಂಡದ್ದೂ ಅದೇ. ರೊಕ್ಕ ಕೇಳಿದರೆ ಮ್ಯಾನೇಜ್‌ಮೆಂಟ್‌ನವರು ಚೌಕಾಸಿ ಮಾಡುತ್ತಾರೆ, ಒಂದಿಷ್ಟು ಕೊಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಪಾಳಿ ಬದಲಿಸಿ ಅಂದರೆ ಮುಖ ಗಂಟಾಗುತ್ತದೆ. ಯಾಕೆ? ಸಂಬಳ ಏರಿಸುವುದಕ್ಕೆ ಒಂದು ಸಹಿ ಸಾಕು. ರಜೆ ಕೊಡಬೇಕಾದರೆ ಆ ರಜೆಯ ಜಾಗದಲ್ಲಿ ಕೂರಲು ಇನ್ನೊಬ್ಬ ಮನುಷ್ಯ ಬೇಕು. ಪೈಲಟ್ ಅಂದರೆ ನಾಳೆ ಬೆಳಿಗ್ಗೆ ಗೇಟಿನಲ್ಲಿ ಸಿಗುವವನಲ್ಲ. ಎರಡು ವರ್ಷ ಮೊದಲೇ ಯೋಚನೆ ಮಾಡಿರಬೇಕು. 2025ರ ಡಿಸೆಂಬರ್‌ನಲ್ಲಿ ಆದದ್ದು ನಿಮಗೆ ಗೊತ್ತೇ ಇದೆ. ವಿಮಾನ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತ್ತು, ರಾತ್ರಿ ಇಳಿಸುವುದಕ್ಕೂ ಮಿತಿ ಬಿಗಿಯಾಗಿತ್ತು. ದೇಶದ ದೊಡ್ಡ ವಿಮಾನ ಕಂಪನಿಯ ಬಳಿ ಅದಕ್ಕೆ ತಕ್ಕ ಜನ ಇರಲಿಲ್ಲ. ಸಾವಿರಾರು ವಿಮಾನಗಳು ರದ್ದಾದವು. ಆ ನಿಯಮ ಬಂದದ್ದು ಪೈಲಟ್‌ಗಳ ಸಂಘಗಳು ಕೋರ್ಟಿಗೆ ಅಲೆದ ಮೇಲೆ.

ಇನ್ನೊಂದು ಸಣ್ಣ ವಿಷಯ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಗಂಗಾವತಿ ತಾಲೂಕಿನ ವಿರುಪಾಪುರ ಗಡ್ಡೆಯಲ್ಲಿ ನೂರಾರು ಜನ ಸಿಕ್ಕಿಬಿದ್ದಾಗ ಸೇನಾ ಹೆಲಿಕಾಪ್ಟರ್ ಬಂದಿತ್ತಲ್ಲ, ಆ ಪೈಲಟ್‌ಗಳು ಯೂನಿಯನ್ ಕಟ್ಟುವಂತಿಲ್ಲ. ಸೇನೆಯವರಿಗೆ ಆ ಹಕ್ಕಿಗೆ ಕಾನೂನು ಮಿತಿ ಹಾಕಿದೆ. ಹೆಲಿಕಾಪ್ಟರ್ ಪೈಲಟ್‌ಗಳಲ್ಲಿ ಎಷ್ಟೋ ಜನ ಸೇನೆಯಿಂದ ನಿವೃತ್ತರಾಗಿ ಬಂದವರು. ಹೇಳಿದ್ದಕ್ಕೆ ಹೂಂ ಅಂದು ಅಭ್ಯಾಸ. ಅವರ ಬಾಯಲ್ಲಿ "ನಮ್ಮ ಬೇಡಿಕೆ" ಅನ್ನುವ ಮಾತು ಹೊರಡಿಸಲು ತನಗೆ ಒಂದು ವರ್ಷ ಹಿಡಿಯಿತು ಅಂದ ಹುಡುಗ.

ಈಗ ಮೂರು ಸುತ್ತು ಮಾತುಕತೆ ಆಗಿದೆ. ತಿಂಗಳ ಪಟ್ಟಿಯನ್ನು 15 ದಿನ ಮೊದಲೇ ಕೊಡಲು ಕಂಪನಿ ಒಪ್ಪಿದೆ. ರಜೆ ಮುರಿದರೆ ಒಂದಕ್ಕೆ ಎರಡು ದಿನ ವಾಪಸ್ ಕೊಡಬೇಕು ಅನ್ನುವುದು ಚರ್ಚೆಯಲ್ಲಿದೆ. ಸ್ಟ್ಯಾಂಡ್‌ಬೈ ಹೊತ್ತಿನಲ್ಲಿ ಅರ್ಧವನ್ನು ಡ್ಯೂಟಿ ಅಂತ ಎಣಿಸಿ ಅಂತ ಯೂನಿಯನ್. ಕಾಲು ಭಾಗ ಮಾತ್ರ ಅಂತ ಕಂಪನಿ. ಸಂಬಳದ ಖಾಯಂ ಪಾಲು ಇನ್ನೂ ಅಲ್ಲೇ ನಿಂತಿದೆ.

ಮುಂದಿನ ಸಭೆ ಮೇ ಕೊನೆಗೆ. ಸಭೆ ಮುಂದಕ್ಕೆ ಹೋಗದಂತೆ ನೋಡಿಕೊಳ್ಳೋ ಅಂತ ನಾನು ಹುಡುಗನಿಗೆ ಹೇಳಿದೆ. ಜೂನ್‌ನಲ್ಲಿ ಮುಂಬೈಗೆ ಮಳೆ ಬರುತ್ತದೆ. ಹಾರುವ ಗಂಟೆ ಇಳಿಯುತ್ತದೆ, ಜೇಬು ಬಡವಾಗುತ್ತದೆ. ಆಗ ಕಾಲು ಭಾಗಕ್ಕೂ ಹೂಂ ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಅದು ಕಂಪನಿಯವರಿಗೂ ಚೆನ್ನಾಗಿ ಗೊತ್ತು.

ನಮಸ್ಕಾರ.